ಆರು ತಿಂಗಳ ಕಾಯಿ

ಸಹಿ ಹಾಕಿಸಿಕೊಳ್ಳಲು ಬರುವವರು ಏನು ಮರೆತರೂ ಪೆನ್ನು ಮರೆಯುವುದಿಲ್ಲ. ಯೋಗೀಶನ ಜೇಬಿನಲ್ಲಿ ಎರಡಿದ್ದವು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಕೈಯಲ್ಲಿ ತಿಪಟೂರಿನ ಬೇಕರಿಯ ಮೈಸೂರು ಪಾಕಿನ ಡಬ್ಬಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಯುದ್ಧ ನಡೆದ ಒಂಬತ್ತು ತಿಂಗಳೂ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಎಲ್ಲಿದ್ದಾನೆ ಎಂಬ ಸುಳಿವನ್ನೇ ಕೊಡದಿದ್ದ ಮನುಷ್ಯ, ಯುದ್ಧ ನಿಂತ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊನ್ನವಳ್ಳಿ ಪಕ್ಕದ ಆ ಹಳ್ಳಿಯ ಮನೆಯ ಜಗಲಿ ಹತ್ತಿದ್ದ. ಅವನ ಮುಖ ಕಂಡೊಡನೆ ಜೀವಿತಾಳಿಗೆ ಮೈಯೆಲ್ಲ ಉರಿಯಿತು. ಹೊಲಿಗೆ ಮಿಷನ್ನಿನಿಂದ ಏಳಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ.

"ಕೂತ್ಕೊಳಪ್ಪ," ಎಂದರು ಅವಳ ಮಾವ ವೀರಭದ್ರಯ್ಯ. ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸಿ ಅವರಿಗೆ ಅಭ್ಯಾಸವಿರಲಿಲ್ಲ.

ವೀರಭದ್ರಯ್ಯನವರ ಒಬ್ಬನೇ ಮಗ, ಜೀವಿತಾಳ ಗಂಡ ಮಹಾಂತೇಶನನ್ನು ಹೊರದೇಶಕ್ಕೆ ಕಳಿಸಿದವನೇ ಈ ಯೋಗೀಶ. ಮಹಾಂತೇಶ ಲಾರಿ ಡ್ರೈವರು. ತಿಪಟೂರು ಮಾರುಕಟ್ಟೆಯಿಂದ ಕೊಬ್ಬರಿ ತುಂಬಿಕೊಂಡು ದೆಹಲಿ, ಕಾನ್ಪುರದವರೆಗೆ ಹೋಗಿ ಬರುತ್ತಿದ್ದ. ತೋಟವಿತ್ತು, ಬೋರಿನಲ್ಲಿ ನೀರಿತ್ತು, ಹೋಗಲೇಬೇಕೆಂಬ ದರ್ದು ಏನೂ ಇರಲಿಲ್ಲ. ಆದರೆ 'ಇದು ನಿನ್ನ ಕೈಲಾಗಲ್ಲ' ಎಂದು ಯಾರಾದರೂ ಅಂದರೆ ಸಾಕು, ಅವನು ನಿಂತಲ್ಲಿ ನಿಲ್ಲುವ ಪೈಕಿಯವನಲ್ಲ. ಯೋಗೀಶ ಮೊಬೈಲಿನಲ್ಲಿ ಹಿಮದ ನಡುವೆ ನಿಂತ ಹನ್ನೆರಡು ಚಕ್ರದ ಲಾರಿಯ ಫೋಟೋ ತೋರಿಸಿ, "ಇದನ್ನ ಓಡ್ಸೋದು ನಮ್ ಕಡೆಯೋರ ಕೈಲಾಗಲ್ಲ ಬುಡು," ಅಂದಿದ್ದ. ಅಷ್ಟೇ ಸಾಕಾಯಿತು. ಅಲ್ಲಿ ಇಳಿದ ಮೇಲೆ ಓದಲು ಬಾರದ ಅಕ್ಷರದ ಕಾಗದಕ್ಕೆ ಸಹಿ ಹಾಕಿಸಿಕೊಂಡು, ಸ್ಟಿಯರಿಂಗಿನ ಬದಲು ಕೈಗೆ ಬಂದೂಕು ಕೊಟ್ಟರು. ಇಪ್ಪತ್ತೇ ದಿನದ ತರಬೇತಿ. ಯಾರದೋ ನೆಲಕ್ಕಾಗಿ ಯಾರೋ ಮಾಡುತ್ತಿದ್ದ ಯುದ್ಧದಲ್ಲಿ ನಮ್ಮ ಕೊಬ್ಬರಿ ಲಾರಿಯ ಡ್ರೈವರು ಸೈನಿಕನಾದ.

ಯುದ್ಧ ನಿಂತಿತು ಎಂದು ಟೀವಿಯಲ್ಲಿ ಬಂದ ದಿನ ಜೀವಿತಾ, ಹಬ್ಬವಲ್ಲ ಹುಣ್ಣಿಮೆಯಲ್ಲ, ಹೋಳಿಗೆ ಮಾಡಿ ಬೀದಿಗೆಲ್ಲ ಹಂಚಿದ್ದಳು. ಆ ಹೋಳಿಗೆ ಕರಗಿ ನಾಲ್ಕು ತಿಂಗಳಾದರೂ ಗಂಡ ಬರಲಿಲ್ಲ. ಅವನೂ, ಅವನಂಥ ಹನ್ನೊಂದು ಜನ ನಮ್ಮ ದೇಶದವರೂ ಒಂದು ತಗಡಿನ ಶೆಡ್ಡಿನಲ್ಲಿ ಕಾಯುತ್ತಿದ್ದರು. ಬಂದೂಕು ವಾಪಸ್ ತೆಗೆದುಕೊಂಡಿದ್ದರು, ಪಾಸ್‌ಪೋರ್ಟ್ ಕೊಟ್ಟಿರಲಿಲ್ಲ. ಕಾಲಿಗೆ ಬಾಂಬಿನ ಚೂರು ಹೊಕ್ಕು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ ಸಂಗತಿಯನ್ನೂ ಅವನು ಹೇಳಿದ್ದು ಗುಣವಾದ ಮೇಲೆ. ಭಾನುವಾರ ಸಂಜೆ ಹತ್ತು ನಿಮಿಷ ಫೋನು. ಅದಕ್ಕೂ ಕಾವಲು. ಈಚೆಗೆ ಮೂರು ವಾರದಿಂದ, ಮಹಾಂತೇಶ ಏನಾದರೂ ಹೇಳಲು ಬಾಯಿ ತೆರೆದರೆ ಅವನ ಹಿಂದಿನಿಂದ ಇನ್ನೊಂದು ಗಂಡು ದನಿ, ಅದೂ ಪಟ್ಟಣದ ನಯವಾದ ಕನ್ನಡದಲ್ಲಿ, "ಆ ವಿಷಯ ಬೇಡ, ಊಟ ತಿಂಡಿ ವಿಷಯ ಮಾತಾಡಿ," ಅನ್ನುತ್ತಿತ್ತು. ಜನ ಕಳಿಸುವ ಏಜೆನ್ಸಿಯ ಮೇಲಿನವನು ಅವನು. ಯೋಗೀಶ ಅವನನ್ನು 'ಸರ್' ಅನ್ನುತ್ತಿದ್ದ.

"ಇದೊಂದು ಒಪ್ಪಿಗೆ ಪತ್ರ ದೊಡ್ಡಪ್ಪ," ಯೋಗೀಶ ಫೈಲಿನಿಂದ ಕಾಗದ ಎಳೆದು ಜಗಲಿಯ ಮೇಲೆ ಹರಡಿದ. "ಮಾಂತೇಶಣ್ಣ ಇನ್ನೊಂದು ವರ್ಷ ಅಲ್ಲೇ ಇರ್ತೀನಿ ಅಂತವ್ನೆ. ಗಡಿ ಕಾಯೋ ಕೆಲಸ. ಯುದ್ಧವೇ ಇಲ್ಲ, ಸುಮ್ನೆ ನಿಂತ್ಕೊಳ್ಳೋದು ಅಷ್ಟೆ. ಮನೆಯೋರದು ಒಂದು ಸೈನ್ ಆಗ್ಬೇಕು."

"ಸುಮ್ನೆ ನಿಂತ್ಕೊಳ್ಳೋದಾದ್ರೆ ನೀನೇ ಹೋಗಿ ನಿಂತ್ಕೊ," ಎಂದಳು ಜೀವಿತಾ ಒಳಗಿನಿಂದ.

"ಅಕ್ಕ, ಕೋಪ ಮಾಡ್ಕೊಬೇಡಿ. ನಾನು ನಿಮ್ ಒಳ್ಳೇದಕ್ಕೇ ಹೇಳ್ತಿರೋದು."

ಅವಳು ಎದ್ದು ಬಂದು ಕಾಗದ ಎತ್ತಿಕೊಂಡಳು. ಮೇಲೆ ಇಂಗ್ಲಿಷು, ಕೆಳಗೆ ಆ ದೇಶದ ಲಿಪಿ. ಪಿಯುಸಿ ಓದಿದವಳು, ನಿಧಾನಕ್ಕೆ ಕೂಡಿಸಿಕೊಂಡು ಓದಿದರೆ ಅರ್ಥವಾಗುತ್ತಿತ್ತು. ಸ್ವಂತ ಇಚ್ಛೆಯಿಂದ, ಒಂದು ವರ್ಷ, ಮನೆಯವರ ತಕರಾರಿಲ್ಲ. ಯೋಗೀಶ ಇವತ್ತೇ ಯಾಕೆ ಬಂದ ಎಂಬುದೂ ಅವಳಿಗೆ ಅರ್ಥವಾಗಿತ್ತು. ಹೀಗೆ ಸಿಕ್ಕಿಬಿದ್ದವರನ್ನು ಕರೆಸಿಕೊಳ್ಳಲು ದೆಹಲಿಯಲ್ಲಿ ಪಟ್ಟಿ ತಯಾರಾಗುತ್ತಿತ್ತು. ಮನೆಯವರು ತಿಂಗಳು ಮುಗಿಯುವುದರೊಳಗೆ ಜಿಲ್ಲಾ ಕಚೇರಿಯಲ್ಲಿ ಅರ್ಜಿ ಕೊಡಬೇಕಿತ್ತು. ತಿಂಗಳು ಮುಗಿಯಲು ಇನ್ನು ಎರಡೇ ದಿನ. ಅವಳ ಅರ್ಜಿ ಬರೆದು ಬೀರುವಿನಲ್ಲಿತ್ತು, ನಾಳೆ ಬೆಳಗ್ಗೆ ತುಮಕೂರಿಗೆ ಹೊರಡುವವಳಿದ್ದಳು. ಈ ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದರೆ ಆ ಅರ್ಜಿ ಒಲೆಗೆ ಹಾಕಲು ಲಾಯಕ್ಕು.

"ಅರ್ಜಿ ಗಿರ್ಜಿ ಕೊಟ್ರೆ ಕೆಲ್ಸ ಕೆಡ್ತದೆ," ಎಂದ ಯೋಗೀಶ, ಅವಳ ಮನಸ್ಸು ಓದಿದವನ ಹಾಗೆ. "ಪಟ್ಟಿಗೆ ಹೋದೋರ ಪೇಪರ್ ಎಲ್ಲೆಲ್ಲೋ ಸಿಕ್ಕಾಕೊಂಡು ವರ್ಷಗಟ್ಲೆ ಕೊಳೀತಾರೆ. ಇದಾದ್ರೆ ಒಂದೇ ವರ್ಷ, ಗ್ಯಾರಂಟಿ ವಾಪಸ್ಸು."

ವೀರಭದ್ರಯ್ಯ ಎಲೆಗೆ ಸುಣ್ಣ ಸವರುತ್ತಾ ಯೋಚಿಸಿದರು. ಒಂದೇ ವರ್ಷ ಅನ್ನುವ ಮಾತು ಅವರನ್ನು ಹಿಡಿಯಿತು. ವರ್ಷ ಎಂದರೆ ಲೆಕ್ಕಕ್ಕೆ ಸಿಗುವ ಸಂಗತಿ. ವರ್ಷಗಟ್ಟಲೆ ಎಂದರೆ ಅವರ ವಯಸ್ಸಿನವರಿಗೆ ಭಯ.

"ಅವರ ಬಾಯಿಂದ್ಲೇ ಕೇಳದೆ ನಾನು ಹಾಕಲ್ಲ," ಎಂದಳು ಜೀವಿತಾ.

"ಕೇಳಿ, ಧಾರಾಳವಾಗಿ ಕೇಳಿ. ಐದು ಗಂಟೆಗೆ ಅವನೇ ಮಾಡ್ತಾನೆ," ಎಂದು ಯೋಗೀಶ ಗೋಡೆಗೆ ಒರಗಿ ಕೂತ. ಅವನ ಆ ಒರಗಿದ ಭಂಗಿಯೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಉತ್ತರ ಗೊತ್ತಿದ್ದವನು ಮಾತ್ರ ಅಷ್ಟು ಆರಾಮಾಗಿ ಕಾಯುತ್ತಾನೆ.

ಐದಕ್ಕೆ ಸರಿಯಾಗಿ ಫೋನು ಬಂತು. ಜೀವಿತಾ ಸ್ಪೀಕರ್ ಒತ್ತಿದಳು.

"ಜೀವಿ, ಚೆನ್ನಾಗಿದೀಯಾ? ನಾನು ಚೆನ್ನಾಗಿದೀನಿ," ಎಂದ ಮಹಾಂತೇಶ. ಆಮೇಲೆ ಉಸಿರು ತೆಗೆದುಕೊಳ್ಳದೆ, ಶಾಲೆಯಲ್ಲಿ ಪದ್ಯ ಒಪ್ಪಿಸುವವನ ಧಾಟಿಯಲ್ಲಿ ಹೇಳಿದ. "ಊಟ ತಿಂಡಿ ಸರಿಯಾಗೈತೆ. ಹೀಟರ್ ಹಾಕವ್ರೆ. ಇನ್ನೊಂದು ವರ್ಷ ಇಲ್ಲೇ ಇರ್ತೀನಿ. ನನ್ ಇಷ್ಟದಿಂದ್ಲೇ ಇರ್ತಿದೀನಿ, ಯಾರ ಬಲವಂತನೂ ಇಲ್ಲ. ಯೋಗೀಶ ತಂದಿರೋ ಪೇಪರ್‌ಗೆ ಸೈನ್ ಹಾಕ್ಬುಡಿ."

ಹದಿನಾಲ್ಕು ತಿಂಗಳು ಹಲ್ಲು ಕಚ್ಚಿ ಕಾದದ್ದು ಈ ಮಾತು ಕೇಳುವುದಕ್ಕಾ? "ಏನ್ರೀ ಹೀಗಂತೀರಾ," ಎಂದು ಜೀವಿತಾ ಅನ್ನುವಷ್ಟರಲ್ಲಿ ಅವನು ಮಾತು ಬದಲಿಸಿದ.

"ಅಪ್ಪಾಜಿ ಅವ್ರಾ ಅಲ್ಲಿ? ಅಪ್ಪಾಜಿ, ದೀಪಾವಳಿಗೆ ಅಟ್ಟಕ್ಕೆ ಹಾಕಿದ್ರಲ್ಲ ಕಾಯಿ, ಆರು ತಿಂಗಳಾಗ್ತಾ ಬಂತು. ಇನ್ನೂ ಯಾಕೆ ಇಟ್ಕೊಂಡಿದೀರ? ಇಳಿಸಿ ಸುಲಿಸ್ಬುಡಿ. ಒಳ್ಳೆ ಕೊಬ್ರಿ ಆಗಿರ್ತದೆ. ಜೀವಿತಾನ ಕೇಳಿ, ಅವಳಿಗೆ ಚೆನ್ನಾಗಿ ಗೊತ್ತು."

ಹಿಂದಿನ ದನಿ, "ಆಯ್ತು, ಸಾಕು," ಎಂದಿತು. ಫೋನು ಕಟ್ಟಾಯಿತು.

ತೆಂಗಿನ ಸೀಮೆಯ ಹೊರಗಿನವರಿಗೆ ಇಲ್ಲೊಂದು ಮಾತು ಹೇಳಬೇಕು. ಕೊಬ್ಬರಿ ಅವಸರಕ್ಕೆ ಆಗುವ ವಸ್ತುವಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು, ಹನ್ನೊಂದು ತಿಂಗಳು ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗಿ, ಅಲ್ಲಾಡಿಸಿದರೆ ಲೊಡಲೊಡ ಸದ್ದು ಬಂದ ಮೇಲೆಯೇ ಇಳಿಸಿ ಸುಲಿಯುವುದು. ಆರು ತಿಂಗಳಿಗೆ ಸುಲಿದರೆ ಅದು ಚಟ್ನಿಗೂ ಬಾರದು, ಕೊಬ್ಬರಿಯೂ ಅಲ್ಲ. ಈ ಕಡೆಯ ತೋಟದ ಮನೆಗಳಲ್ಲಿ ಮಾತು ಕಲಿಯುವ ಮಕ್ಕಳಿಗೂ ಇದು ಗೊತ್ತು.

"ಇವನಿಗೇನ್ ತಲೆ ಕೆಟ್ಟೈತಾ?" ವೀರಭದ್ರಯ್ಯ ಎಲೆಯನ್ನು ಬಿಸಾಡಿ ಎದ್ದೇ ಬಿಟ್ಟರು. "ಕೊಬ್ರಿ ಲಾರಿ ಓಡಿಸ್ದೋನು ಆರು ತಿಂಗಳ ಕಾಯಿ ಇಳ್ಸು ಅಂತಾನಲ್ಲ! ಹೊರದೇಶದ ನೀರು ಕುಡಿದು ಹುಟ್ಟಿದ ಮನೆ ಕಸುಬೇ ಮರ್ತವ್ನೆ."

"ಪಾಪ, ಅಲ್ಲಿದ್ರೂ ಮನೆ ಯೋಚ್ನೆ ಅಣ್ಣಂಗೆ," ಎಂದ ಯೋಗೀಶ ನಗುತ್ತಾ. ಅವನ ಅಪ್ಪನ ಕಾಲದಿಂದಲೂ ತಿಪಟೂರು ಪೇಟೆಯಲ್ಲಿ ಅಂಗಡಿ, ಈಗ ಮೊಬೈಲು, ಟಿಕೆಟ್ಟು, ಜೆರಾಕ್ಸಿನ ವ್ಯಾಪಾರ. ಅಟ್ಟ ಹತ್ತಿ ಕಂಡವನಲ್ಲ.

ಜೀವಿತಾಳ ಕಿವಿಯಲ್ಲಿ 'ಅವಳಿಗೆ ಚೆನ್ನಾಗಿ ಗೊತ್ತು' ಎಂಬುದೊಂದೇ ಸುತ್ತುತ್ತಿತ್ತು. ಅವಳಿಗೆ ಏನು ಗೊತ್ತು? ಅವಳು ಹುಳಿಯಾರಿನ ಬಟ್ಟೆ ಅಂಗಡಿಯವರ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ, ಗಂಡ ಲಾರಿಯಲ್ಲಿ ಕಾನ್ಪುರಕ್ಕೂ ಮಾವ ಯಾವುದೋ ಮದುವೆಗೂ ಹೋಗಿದ್ದಾಗ, ಜಾಣ ಸೊಸೆ ಅನ್ನಿಸಿಕೊಳ್ಳಲು ಕಾಯಿ ಸುಲಿಯುವವರನ್ನು ಕರೆಸಿ, ಆರೇ ತಿಂಗಳಾಗಿದ್ದ ನಾನೂರು ಕಾಯಿ ಇಳಿಸಿ ಸುಲಿಸಿ ಹಾಕಿದ್ದಳು. ಮಾವ ಎಂಟು ದಿನ ಮಾತು ಬಿಟ್ಟಿದ್ದರು. ಮಹಾಂತೇಶ ಮಾತ್ರ ಬಿದ್ದು ಬಿದ್ದು ನಕ್ಕಿದ್ದ. ಅಲ್ಲಿಂದ ಮುಂದೆ, ನಂಬಬಾರದ್ದಕ್ಕೆಲ್ಲ ಅವನು ಅದೇ ಹೆಸರಿಟ್ಟ. ಸುಳ್ಳು ಹೇಳುವ ಬ್ರೋಕರ್ ಫೋನ್ ಮಾಡಿದರೆ ಬಾಯಿಗೆ ಕೈ ಅಡ್ಡ ಹಿಡಿದು, "ಆರು ತಿಂಗಳ ಕಾಯಿ ಕಣೇ ಇವನ ಮಾತು," ಎಂದು ಅವಳತ್ತ ಕಣ್ಣು ಹೊಡೆಯುತ್ತಿದ್ದ.

ಅವಳಿಗೆ ಒಮ್ಮೆಗೇ ಹೊಳೆಯಿತು. ಹೊಳೆದ ಕ್ಷಣ ಖುಷಿಗೆ ಕಿರುಚಬೇಕೆನಿಸಿತು, ಅಳು ಬಂತು, ಎರಡನ್ನೂ ನುಂಗಿಕೊಂಡಳು. ಎದುರಿಗೆ ಯೋಗೀಶ ಕೂತಿದ್ದ. ಇವನಿಗೆ ಗೊತ್ತಾದರೆ ಐದು ನಿಮಿಷದಲ್ಲಿ ಅವನ 'ಸರ್'ಗೆ ಗೊತ್ತಾಗುತ್ತದೆ, ಆಮೇಲೆ ಆ ಶೆಡ್ಡಿನಲ್ಲಿ ಗಂಡನ ಗತಿ ಏನು?

"ನಾನು ಸೈನ್ ಹಾಕಲ್ಲ," ಎಂದಳು.

"ಅಣ್ಣನೇ ಹೇಳಿದ್ನಲ್ಲಕ್ಕ! ಇನ್ನೇನ್ ಬೇಕು?"

"ಹಾಕಲ್ಲ ಅಂದ್ರೆ ಹಾಕಲ್ಲ."

"ಹಟ ಮಾಡ್ಬೇಡ ಕಣವ್ವ," ಎಂದರು ವೀರಭದ್ರಯ್ಯ. "ಇರೋನು ಅವನು. ಅವನ ಕಷ್ಟ ಸುಖ ಅವನಿಗೆ ಗೊತ್ತು. ಒಂದು ವರ್ಷ ಹೆಂಗೋ ಕಳೀತದೆ."

"ದೊಡ್ಡಪ್ಪ, ಅಕ್ಕನ ಸೈನೇ ಆಗ್ಬೇಕು ಅಂತೇನಿಲ್ಲ. ತಂದೆದಾದ್ರೂ ನಡೀತದೆ," ಎಂದ ಯೋಗೀಶ ಎರಡನೆಯ ಪೆನ್ನು ತೆಗೆದು ಅವರ ಕೈಗಿತ್ತ.

ಮುದುಕ ಕನ್ನಡಕ ಹಾಕಿಕೊಂಡರು. ಕಾಗದ ಮೊಣಕಾಲ ಮೇಲೆ ಬಂತು. ಜೀವಿತಾ ಕಸಿದು ಹರಿಯಬಹುದಿತ್ತು, ಹರಿದರೆ ಯೋಗೀಶನ ಫೈಲಿನಲ್ಲಿ ಇನ್ನೂ ನಾಲ್ಕಿರುತ್ತವೆ. ಬಿಡಿಸಿ ಹೇಳುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ.

"ಮಾವ," ಎಂದಳು. "ಹಾಕಿ. ಆದ್ರೆ ನಿಮ್ ಮಗ ಹೇಳಿದ್ದು ಎರಡು ಮಾತು. ಮೊದ್ಲು ಏಣಿ ತಂದು ಅಟ್ಟದ ಕಾಯಿ ಇಳಿಸಿ, ಆಮೇಲೆ ಸೈನ್ ಹಾಕಿ."

"ಆರು ತಿಂಗಳ ಕಾಯಿ ಇಳಿಸ್ತಾರೇನೇ? ಒಂದ್ಸಲ ಮಾಡಿದ್ದು ಸಾಲ್ದಾ ನಿಂಗೆ?"

"ನಾನು ಮಾಡಿದ್ದು ನಿಮಗೂ ನೆನಪೈತೆ, ನಂಗೂ ನೆನಪೈತೆ. ಅವರಿಗೆ ಮರ್ತಿರ್ತದಾ?" ಅವಳು ಮಾವನ ಮುಖವನ್ನೇ ನೋಡಿದಳು. "ಒಂದೇ ಬಾಯಲ್ಲಿ ಬಂದ ಮಾತು ಎರಡೂ. ಒಂದನ್ನ ನಂಬೋದು, ಇನ್ನೊಂದನ್ನ ತಲೆ ಕೆಟ್ಟೈತೆ ಅಂತ ಬಿಡೋದು ಹೆಂಗೆ ಮಾವ?"

ಪೆನ್ನು ಕಾಗದದ ಮೇಲೆ ನಿಂತಿತು. ವೀರಭದ್ರಯ್ಯ ಸೊಸೆಯನ್ನು ನೋಡಿದರು. ಅರವತ್ತು ವರ್ಷ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆ ಒಳಗಿನದ್ದನ್ನು ಹೇಳಿದ ಮನುಷ್ಯ ಅವರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು.

"ಯಾಕೋ ಕಣ್ಣು ಮಂಜಾಗ್ತದೆ ಕಣಪ್ಪ ಯೋಗೀಶ," ಎಂದರು. "ಮುದುಕನ ಕಣ್ಣು. ಕಾಗದ ಇಲ್ಲೇ ಇರ್ಲಿ. ಬೆಳಕಾದ ಮೇಲೆ ನೋಡಿ ಹಾಕ್ತೀನಿ. ನೀನು ನಾಡಿದ್ದು ಬಾ."

"ನಾಡಿದ್ದು ತಡ ಆಗ್ತದೆ ದೊಡ್ಡಪ್ಪ."

"ಹದಿನಾಲ್ಕು ತಿಂಗಳು ನಾವು ಕಾದಿದೀವಿ. ನೀನು ಎರಡು ದಿನ ಕಾಯಿ. ಈ ಡಬ್ಬಿ ತಗೊಂಡ್ ಹೋಗು, ನಂಗೆ ಸಕ್ಕರೆ ಕಾಯಿಲೆ." ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಮರುದಿನ ಮೊದಲನೆಯ ಬಸ್ಸಿಗೆ ಮಾವ ಸೊಸೆ ತಿಪಟೂರಿಗೆ, ಅಲ್ಲಿಂದ ತುಮಕೂರಿಗೆ ಹೋದರು. ಜಿಲ್ಲಾ ಕಚೇರಿಯಲ್ಲಿ ಆ ಕೆಲಸ ನೋಡುತ್ತಿದ್ದವಳು ಭಾನುಪ್ರಿಯಾ ಎಂಬ ಗುಮಾಸ್ತೆ. ಕತ್ತಿನಲ್ಲಿ ಗುರುತಿನ ಚೀಟಿ, ಮೇಜಿನ ಮೇಲೆ ಅರ್ಧ ತಿಂದ ಇಡ್ಲಿ. ಅರ್ಜಿಯ ಮೇಲಿನ ಹೆಸರು ನೋಡಿದ್ದೇ ತಡ, ಮುಖ ಸಣ್ಣ ಮಾಡಿದಳು.

"ಇವರದು ಬಂದಿದೆಯಲ್ಲಮ್ಮ. ರಾತ್ರಿನೇ ಏಜೆನ್ಸಿಯವರು ಮೇಲ್ ಕಳಿಸವ್ರೆ. ಸ್ವಂತ ಇಷ್ಟದಿಂದ ಉಳೀತಿದಾರೆ, ಪಟ್ಟಿಗೆ ಸೇರಿಸ್ಬೇಡಿ ಅಂತ. ಅವರ ದನಿನೇ ಇದೆ, ರೆಕಾರ್ಡಿಂಗು."

ನಿನ್ನೆ ಸಂಜೆ ಜೀವಿತಾಳ ಮನೆಯ ಜಗಲಿಯಲ್ಲಿ ಅವಳದೇ ಫೋನಿನಲ್ಲಿ ಬಂದ ಮಾತು, ಅವಳಿಗಿಂತ ಮೊದಲು ತುಮಕೂರಿಗೆ ಬಂದು ಕೂತಿತ್ತು. ಒಂದು ಕ್ಷಣ ಎಲ್ಲ ಮುಗಿಯಿತು ಅನ್ನಿಸಿತು. ಆಮೇಲೆ ಸಿಟ್ಟು ಬಂತು, ಸಿಟ್ಟಿನ ಜೊತೆ ಬುದ್ಧಿಯೂ ಬಂತು.

"ಹಾಕಿ ಮೇಡಂ," ಎಂದಳು. "ಜೋರಾಗಿ ಹಾಕಿ. ಕೊನೇವರೆಗೂ ಕೇಳಿ."

ಭಾನುಪ್ರಿಯಾ ಮೌಸ್ ಒತ್ತಿದಳು. ಊಟ ತಿಂಡಿ ಸರಿಯಾಗೈತೆ. ಹೀಟರ್ ಹಾಕವ್ರೆ. ನನ್ ಇಷ್ಟದಿಂದ್ಲೇ ಇರ್ತಿದೀನಿ. ಪಕ್ಕದ ಮೇಜಿನವರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಅಪ್ಪಾಜಿ, ದೀಪಾವಳಿಗೆ ಅಟ್ಟಕ್ಕೆ ಹಾಕಿದ್ರಲ್ಲ ಕಾಯಿ. ಫೈಲು ಕಟ್ಟುತ್ತಿದ್ದ ಜವಾನ ತಲೆ ಎತ್ತಿದ. ಆರು ತಿಂಗಳಾಗ್ತಾ ಬಂತು. ಇಳಿಸಿ ಸುಲಿಸ್ಬುಡಿ. ಒಳ್ಳೆ ಕೊಬ್ರಿ ಆಗಿರ್ತದೆ.

"ಆರು ತಿಂಗಳಿಗೆ ಯಾವೋನು ಹೇಳಿದ್ದು ಕೊಬ್ರಿ ಆಯ್ತದೆ ಅಂತ?" ಎಂದ ಜವಾನ, ಯಾರನ್ನೂ ಕೇಳದೆ.

"ನನ್ ಮಗ ಹೇಳಿದ್ದು," ಎಂದರು ವೀರಭದ್ರಯ್ಯ. "ನಾಲ್ಕನೇ ವಯಸ್ಸಿಂದ ನನ್ ಜೊತೆ ಅಟ್ಟ ಹತ್ತಿದೋನು. ಎಂಟು ವರ್ಷ ಕೊಬ್ರಿ ಲೋಡ್ ಹೊಡೆದೋನು. ಅವನು ಇಂಥ ಮಾತು ಹೇಳ್ತಾನೆ ಅಂದ್ರೆ ಅವನ ತಲೆ ಮೇಲೆ ಯಾವೋನೋ ಕೂತವ್ನೆ ಅಂತ ಅರ್ಥ ಕಣಮ್ಮ. ನೀನು ಯಾವೂರು?"

"ತುರುವೇಕೆರೆ," ಎಂದಳು ಭಾನುಪ್ರಿಯಾ.

"ಹಂಗಾದ್ರೆ ನಿಂಗೆ ನಾನೇನೂ ಹೇಳ್ಬೇಕಾಗಿಲ್ಲ."

ಅವಳಿಗೆ ಹೇಳಬೇಕಾಗಿರಲಿಲ್ಲ, ಆದರೆ ಅವಳು ಅದನ್ನು ದೆಹಲಿಯವರಿಗೆ ಹೇಳಬೇಕಿತ್ತು. ರೆಕಾರ್ಡಿಂಗನ್ನು ಇನ್ನೊಮ್ಮೆ ಕೇಳಿದಳು. ಇಡ್ಲಿಯನ್ನು ಪಕ್ಕಕ್ಕೆ ಸರಿಸಿದಳು. ಷರಾ ಬರೆಯುವ ಜಾಗದಲ್ಲಿ, ಒಂದೊಂದು ಮಾತಿಗೂ ನಿಂತು ಯೋಚಿಸಿ ಬರೆದಳು. ಸದರಿ ವ್ಯಕ್ತಿಯು ತೆಂಗು ಬೆಳೆಗಾರರ ಮಗನಿದ್ದು, ಕೊಬ್ಬರಿಯಾಗಲು ಕನಿಷ್ಠ ಹತ್ತು ತಿಂಗಳು ಬೇಕೆಂಬುದನ್ನು ಬಾಲ್ಯದಿಂದ ಬಲ್ಲವನಾಗಿದ್ದು, ಗೊತ್ತಿದ್ದೂ ತಪ್ಪು ಹೇಳಿರುವುದರಿಂದ, ಸದರಿ ಹೇಳಿಕೆಯು ಒತ್ತಡದಲ್ಲಿ ನೀಡಿದ್ದೆಂದು ಮನೆಯವರಿಗೆ ತಿಳಿಸುವ ಉದ್ದೇಶ ಹೊಂದಿರುತ್ತದೆ. ಇದನ್ನೇ ಇಂಗ್ಲಿಷಿನಲ್ಲೂ ಬರೆದಳು. ಮೇಲಧಿಕಾರಿಯ ಕೋಣೆಗೆ ತಾನೇ ಹೋದಳು, ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಂದಾಗ ಕಾಗದದ ಮೇಲೆ ಮೊಹರಿತ್ತು.

"ಕಾಯಬೇಕಮ್ಮ," ಎಂದಳು. "ಯಾವಾಗ ಕರೆಸ್ತಾರೆ ಅಂತ ನಾನು ಹೇಳೋಕಾಗಲ್ಲ. ಆದ್ರೆ ಇವತ್ತೇ ಹೆಸರು ಹೋಗ್ತದೆ, ಪಟ್ಟೀಲಿ ನಲವತ್ತೊಂದನೇದು, ಅಲ್ಲಿನೋರಿಗೂ ಪ್ರತಿ ಹೋಗ್ತದೆ. ಇನ್ನು ಮೇಲೆ ಇವರು ಲೆಕ್ಕದಲ್ಲಿರೋ ಮನುಷ್ಯ. ಗುಟ್ಟಾಗಿ ಇಟ್ಕೊಂಡಷ್ಟೂ ಅವರಿಗೆ ಅನುಕೂಲ. ನೀವು ಗಲಾಟೆ ಮಾಡಿದಷ್ಟೂ ನಿಮ್ ಯಜಮಾನ್ರಿಗೆ ಒಳ್ಳೇದು."

ಈ ಕೊನೆಯ ಮಾತನ್ನು ಜೀವಿತಾ ತುಮಕೂರಿನಿಂದ ಊರಿನವರೆಗೂ ಬಸ್ಸಿನಲ್ಲಿ ಹಿಡಿದುಕೊಂಡು ಬಂದಳು.

ಮಂಗಳವಾರ ಯೋಗೀಶ ಬಂದಾಗ ಸುದ್ದಿ ಮುಟ್ಟಿತ್ತು. ಅವನು ಜಗಲಿ ಹತ್ತಲಿಲ್ಲ, ಬೈಕಿನ ಮೇಲೆ ಕೂತೇ ಕೂಗಾಡಿದ. "ಮಗನ ಜೀವದ ಜೊತೆ ಆಟ ಆಡ್ತಿದೀರ ದೊಡ್ಡಪ್ಪ! ನಾಳೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ."

"ನಿನ್ನೇ ಕೇಳೋದು," ಎಂದರು ವೀರಭದ್ರಯ್ಯ, ಕೂತಲ್ಲಿಂದಲೇ. "ಇನ್ಯಾರನ್ನ ಕೇಳಾಣ? ಪೊಲೀಸ್ನೋರಿಗೂ ನಿನ್ ಹೆಸರೇ ಬರೆದು ಕೊಟ್ಟಿದೀವಿ."

ಹೀಗೆ ಧೈರ್ಯದ ಮಾತಾಡಿದ ಮನೆಯಲ್ಲಿ ಆ ವಾರ ಸರಿಯಾಗಿ ಊಟ ಮಾಡಿದವರಿಲ್ಲ. ಯೋಗೀಶನ ಮಾತು ನಿಜವಾದರೆ ಎಂಬ ಭಯ ಜೀವಿತಾಳನ್ನು ಹೊಲಿಗೆಯ ನಡುವೆ, ಒಲೆಯ ಮುಂದೆ, ಎಲ್ಲೆಂದರಲ್ಲಿ ಹಿಡಿಯುತ್ತಿತ್ತು. ಹೆದರಿಕೆಯಾದಾಗಲೆಲ್ಲ ಅವಳು ತನ್ನನ್ನೇ ಕೇಳಿಕೊಂಡಳು, ಸಹಿ ಹಾಕಿದ್ದರೆ ಹೆದರಿಕೆ ಇರುತ್ತಿರಲಿಲ್ಲವೇ? ಇರುತ್ತಿತ್ತು, ಅದರ ಮೇಲೆ ನಾಚಿಕೆಯೂ ಇರುತ್ತಿತ್ತು.

ಭಾನುವಾರ ಐದಕ್ಕೆ ಫೋನು ಬರಲಿಲ್ಲ. ಐದೂವರೆಗೂ ಬರಲಿಲ್ಲ. ಕೈ ಸುಮ್ಮನಿರಲಾರದೆ ಅವಳು ಮೇಷ್ಟ್ರ ಹೆಂಡತಿಯ ಕುಪ್ಪಸದ ಹಸಿರು ರೇಷ್ಮೆ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಸೀಮೆಸುಣ್ಣದಿಂದ ಅಳತೆ ಗುರುತು ಹಾಕತೊಡಗಿದಳು. ಆರಕ್ಕೆ ಹತ್ತು ನಿಮಿಷವಿದ್ದಾಗ ಫೋನು ಬಡಿದುಕೊಂಡಿತು.

"ಜೀವಿ," ಎಂದ ಮಹಾಂತೇಶ. ದನಿ ಬಿದ್ದುಹೋಗಿತ್ತು. "ಚೆನ್ನಾಗಿದೀನಿ. ಊಟ ತಿಂಡಿ ಸರಿಯಾಗೈತೆ. ಪೇಪರ್‌ಗೆ ಸೈನ್..."

"ಹಾಕಿಲ್ಲ ಕಣ್ರೀ," ಎಂದಳು ಜೀವಿತಾ. ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದಳು. "ನಾನೂ ಹಾಕಿಲ್ಲ, ಮಾವನೂ ಹಾಕಿಲ್ಲ. ನಿಮ್ ಮಾತು ನಂಗೆ ಸರಿಯಾಗಿ ಕೇಳಿಸ್ತು. ನಿಮ್ ಹಿಂದೆ ನಿಂತವ್ರಲ್ಲ, ಅವರಿಗೂ ಹೇಳ್ತಿದೀನಿ, ಕೇಳಿಸ್ಕೊಳ್ಳಿ ಸ್ವಾಮಿ. ನಮ್ ಯಜಮಾನ್ರ ಹೆಸರು ದೆಹಲಿ ಪಟ್ಟಿಲೈತೆ, ನಲವತ್ತೊಂದನೇ ನಂಬರು. ಅವರು ಇರೋ ಊರು, ಶೆಡ್ಡು, ನಿಮ್ ಯೋಗೀಶನ ಫೋಟೋ, ನೀವು ಕಳಿಸಿದ ರೆಕಾರ್ಡಿಂಗು, ಎಲ್ಲ ಅಲ್ಲೈತೆ. ಅವರ ಮೈ ಮೇಲೆ ಒಂದು ಗೀರು ಬಿದ್ರೂ ಉತ್ತರ ಕೊಡೋರು ನೀವು."

ಮಾಡಬಾರದ್ದು ಮಾಡಿಬಿಟ್ಟೆನೇ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು.

ಆಮೇಲೆ ಮಹಾಂತೇಶ ನಕ್ಕ. ಹದಿನಾಲ್ಕು ತಿಂಗಳಿಂದ ಕೇಳದ ನಗು, ಹೊಟ್ಟೆಯಿಂದ ಬಂದದ್ದು. "ಫೋನ್ ಕೊಡಿ," ಎಂದಿತು ಹಿಂದಿನ ದನಿ. "ಕೊಡಲ್ಲ," ಎಂದ ಮಹಾಂತೇಶ. "ನನ್ ಹೆಂಡ್ತಿ ಜೊತೆ ಮಾತಾಡ್ತಿದೀನಿ. ಕೊಡಲ್ಲ. ಸೈನೂ ಹಾಕಲ್ಲ. ನಲವತ್ತೊಂದು ಅಂದಳು, ಕೇಳಿಸ್ತಾ?" ಆಮೇಲೆ ಅವನು ಹಿಂದಿಯಲ್ಲಿ ಶೆಡ್ಡಿನ ಉಳಿದವರಿಗೆ ಏನನ್ನೋ ಕೂಗಿ ಹೇಳಿದ. ಮಂಚಗಳು ಕಿರುಗುಟ್ಟಿದವು, ಹೆಜ್ಜೆಗಳು ಓಡಿ ಬಂದವು, ಯಾರನ್ನೋ ಹೊರಗೆ ದೂಡಿ ಬಾಗಿಲು ಮುಚ್ಚಿದ ಸದ್ದಾಯಿತು.

"ಜೀವಿ, ಬರ್ಕೋ," ಎಂದ. "ಇವರ ಮನೆಗಳಿಗೂ ಪೇಪರ್ ಹೋಗೈತೆ. ಕೆಲವರು ಹಾಕ್ಬುಟ್ಟವ್ರೆ, ಕೆಲವರು ಇವತ್ತು ನಾಳೆ ಹಾಕ್ತಾರೆ. ಯಾರ ಮನೆಗೂ ನಿಜ ಹೇಳೋಕೆ ಆಗಿಲ್ಲ. ನಂಬರ್ ಹೇಳ್ತಾರೆ, ಬೇಗ ಬರ್ಕೋ."

ಪೆನ್ನು ಹುಡುಕಲು ಸಮಯವಿರಲಿಲ್ಲ. ಅವಳು ಮೊಣಕಾಲೂರಿ ಹಸಿರು ರೇಷ್ಮೆಯ ಮೇಲೆ ಸೀಮೆಸುಣ್ಣದಿಂದಲೇ ಬರೆಯತೊಡಗಿದಳು. ಒಬ್ಬೊಬ್ಬರೇ ಫೋನಿಗೆ ಬಾಯಿ ಹಚ್ಚಿ ಮನೆಯ ನಂಬರು ಕೂಗಿದರು, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಒಬ್ಬ ತೆಲುಗಿನಲ್ಲಿ. ಒಬ್ಬನು ನಂಬರಿನ ಜೊತೆ "ಮಾ ಅಮ್ಮ" ಎಂದು ಸೇರಿಸಿದ. ಆ ಕಡೆ ಬಾಗಿಲು ಗುದ್ದುತ್ತಿದ್ದರು. ವೀರಭದ್ರಯ್ಯ ಪಕ್ಕಕ್ಕೆ ಬಂದು ಬಟ್ಟೆಯ ತುದಿಯನ್ನು ಸರಿಯದಂತೆ ಅಂಗೈಯಿಂದ ಒತ್ತಿ ಹಿಡಿದರು. ಎಂಟನೆಯವನು ಇನ್ನೂ ಎಳೆಯ ದನಿಯವನು. ಅವನು ಆರು ಅಂಕಿ ಹೇಳಿದ್ದ, ಅಷ್ಟರಲ್ಲಿ ಲೈನು ಸತ್ತಿತು.

ಜೀವಿತಾ ತಿರುಗಿ ಮಾಡಿದಳು. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದಳು. ಬಟ್ಟೆಯ ಮೇಲೆ ಏಳು ಪೂರ್ತಿ ನಂಬರುಗಳಿದ್ದವು, ಮುಗಿಯದ ಒಂದಿತ್ತು. ಆ ಆರು ಅಂಕಿಗಳನ್ನು ನೋಡಿ ಅವಳಿಗೆ ತಡೆಯಲಾರದ ದುಃಖ ಬಂತು. ಮುಂದಿನ ಭಾನುವಾರ ಫೋನು ಬರುತ್ತದೋ ಇಲ್ಲವೋ, ಬರುವ ತಿಂಗಳು ಅವನು ಬರುತ್ತಾನೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.

"ಅಳೋದು ಆಮೇಲೆ ಅಳಾಣ," ಎಂದರು ವೀರಭದ್ರಯ್ಯ. ಅವರ ಕೆನ್ನೆಯೂ ಒದ್ದೆಯಾಗಿತ್ತು. "ಮೊದ್ಲು ಒತ್ತು."

ಅವಳು ಮೂಗು ಒರೆಸಿಕೊಂಡು ಮೊದಲನೆಯ ನಂಬರು ಒತ್ತಿದಳು. ಎಲ್ಲೋ ದೂರದ ಮನೆಯೊಂದರಲ್ಲಿ ಬಹಳ ಹೊತ್ತು ಗಂಟೆ ಹೊಡೆಯಿತು. ಕೊನೆಗೆ ವಯಸ್ಸಾದ ಹೆಂಗಸೊಬ್ಬಳು ಎತ್ತಿಕೊಂಡು, ಹೆದರಿದ ದನಿಯಲ್ಲಿ ಹಿಂದಿಯಲ್ಲಿ ಏನೋ ಕೇಳಿದಳು. ಜೀವಿತಾಳಿಗೆ ಬರುತ್ತಿದ್ದುದು ಟೀವಿ ನೋಡಿ, ಗಂಡನ ಬಾಯಲ್ಲಿ ಕೇಳಿ ಕಲಿತ ನಾಲ್ಕಾರು ಮಾತು. ಅವುಗಳಲ್ಲಿ ಬೇಕಾದದ್ದನ್ನು ಹೆಕ್ಕಿಕೊಂಡಳು.

"ಅಮ್ಮಾ," ಎಂದಳು, "ಸೈನ್ ಮತ್ ಕರೋ."